ನರ್ಸಮ್ಮ ಜೀಪಲ್ಲಿ ಬಂದ ದಿನ

ಕೈಗುಣ, ಕೈಗುಣ ಅಂತ ಬಡ್ಕೋತಾರಲ್ಲ ಜನ, ಅವರ ಬಾಯಲ್ಲಿ ನಿರ್ಮಲಮ್ಮನ ಹೆಸರು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಇವರೇ ಕಣ್ರೀ ಆ ಕೈಯನ್ನ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದೋರು. ಇವರೇ ಆಮೇಲೆ ಆ ಕೈ ಕಂಡ್ರೆ ಬಾಗಿಲು ಹಾಕ್ಕೊಂಡೋರು. ಹೋಗ್ಲಿ ಬಿಡಿ, ಸಿಟ್ಟು ಮಾಡ್ಕೊಂಡ್ರೆ ಮಾತು ಮುಂದಕ್ಕೆ ಹೋಗಲ್ಲ.

ನಾನು ಖುರ್ಷೀದ್ ಬೀ. ತವರು ಶಿಕಾರಿಪುರ. ಅಪ್ಪ ತಾಮ್ರದ ಪಾತ್ರೆಗೆ ಕಲಾಯಿ ಹಾಕ್ತಿದ್ರು. ಗಂಡ ತೀರ್ಕೊಂಡ ಮೇಲೆ ಸೊರಬದ ಕಡೆ, ಹೊಸಬಾಳೆಯಿಂದ ಒಳಗೆ ಒಂದು ಸಣ್ಣ ದವಾಖಾನೇಲಿ ಆಯಾ ಕೆಲಸ ಸಿಕ್ತು. ದವಾಖಾನೆ ಅಂದ್ರೆ ಎರಡು ಕೋಣೆ, ಒಂದು ಬೆಂಚು, ಗಾಜು ಒಡೆದ ಒಂದು ಬೀರು. ಡಾಕ್ಟರು ಬಂದ್ರೆ ಬಂದ್ರು, ಇಲ್ಲದಿದ್ರೆ ಇಲ್ಲ. ಎಲ್ಲ ನಡೆಸ್ತಿದ್ದೋರು ನರ್ಸು ನಿರ್ಮಲಮ್ಮ, ನಮ್ಮ ಸಿಸ್ಟರು. ಹರಿಹರದ ಕಡೆಯೋರು, ಮದುವೆ ಆಗಿರಲಿಲ್ಲ, ಮಾತು ಕಮ್ಮಿ. ಅವರ ಪಾಲಿನ ಮಾತನ್ನೂ ನಾನೇ ಆಡ್ತಿದ್ದೆ ಅನ್ನಿ.

ಅವರದ್ದೊಂದು ಅಭ್ಯಾಸ ಇತ್ತು. ಯಾರ ಮನೆಗೆ ಹೋದ್ರೂ ಹೊಸಿಲ ಹತ್ರ ಒಂದು ಗಳಿಗೆ ನಿಲ್ಲೋರು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು, ಬಾಯೊಳಗೇ ಕಾಯಿಲೆಯವರ ಹೆಸರು ಹೇಳ್ಕೊಂಡು, ಆಮೇಲೆ ಕಾಲು ಒಳಗಿಡೋರು. ನಾನು ಸುಮ್ನಿರೋಳಾ? "ಇದೇನ್ರೀ ಸಿಸ್ಟರ್, ಮಂತ್ರ ಹಾಕೋದು ಯಾವಾಗ ಕಲಿತ್ರಿ?" ಅಂತ ಕೇಳೇಬಿಟ್ಟೆ.

"ಮಂತ್ರನೂ ಇಲ್ಲ, ಮಣ್ಣೂ ಇಲ್ಲ ಬೀಬಿ. ದಾರೀಲಿ ಬರೋವಾಗ ತಲೇಲಿ ನೂರೆಂಟು ಇರುತ್ತೆ. ಕಾಲು ನೋವು, ಹಸಿವು, ಬೆಳಿಗ್ಗೆ ನೀನು ಜಗಳ ಆಡಿದ್ದು. ಅದನ್ನೆಲ್ಲ ಹೊರಗೇ ಬಿಟ್ಟು, ಈಗ ಈ ಒಬ್ಬರಿಗೋಸ್ಕರ ಬಂದಿದೀನಿ ಅಂತ ನೆನೆಸ್ಕೋತೀನಿ. ಇಲ್ಲದಿದ್ರೆ ಸೂಜಿ ಚುಚ್ಚೋದು ಗೋಣಿಚೀಲ ಹೊಲಿದ ಹಾಗೆ ಆಗುತ್ತೆ."

"ಹಂಗಾದ್ರೆ ಇದು ನಮ್ಮ ನಿಯ್ಯತ್ತು ಕಣ್ರೀ!" ಅಂದೆ. ನಮ್ಮಲ್ಲಿ ನಮಾಜಿಗೆ ನಿಂತ್ರೆ ಮೊದಲು ನಿಯ್ಯತ್ ಕಟ್ಬೇಕು. ಯಾತಕ್ಕೆ ನಿಂತಿದೀನಿ ಅಂತ ಮನಸ್ಸಲ್ಲಿ ಗಟ್ಟಿ ಮಾಡ್ಕೋಬೇಕು. ಅದಿಲ್ಲದೆ ಎಷ್ಟು ಬಗ್ಗಿ ಎದ್ರೂ ಬರೀ ಕಸರತ್ತು. ಸಿಸ್ಟರು ನಕ್ಕು, "ಹಂಗೇ ಅನ್ಕೋ" ಅಂದ್ರು.

ನಮ್ಮ ದವಾಖಾನೆಯಿಂದ ಒಂದು ಗುಡ್ಡ ದಾಟಿದ್ರೆ ಕುರಿ ಸಾಕೋರ ಹಟ್ಟಿ. ಅಲ್ಲಿ ದ್ಯಾಮಮ್ಮ ಅಂತ ಒಬ್ಬ ಮುದುಕಿ. ಗಂಡ ಇಲ್ಲ, ಮಗ ಪುಟ್ಟಪ್ಪ, ಸೊಸೆ ನಿಂಗಮ್ಮ, ಎರಡು ಹೆಣ್ಣು ಮೊಮ್ಮಕ್ಕಳು, ದೊಡ್ಡಿ ತುಂಬ ಕುರಿ. ಮುದುಕಿ ಕಾಲಿಗೆ ಜಾಲಿಮುಳ್ಳು ನಟ್ಟು, ಕೀವಾಗಿ, ಕಾಲೇ ಹೋಗುತ್ತೆ ಅನ್ನೋ ಹಂಗಾಗಿತ್ತು. ಸಿಸ್ಟರು ಗುಡ್ಡ ಹತ್ತಿ ಇಳಿದು ದಿನಾ ಹೋಗಿ ತೊಳೆದು, ಕಟ್ಟು ಕಟ್ಟಿ, ಆ ಕಾಲನ್ನ ಉಳಿಸಿದ್ರು. ಅವತ್ತಿಂದ ಮುದುಕಿಗೆ ನರ್ಸಮ್ಮ ಅಂದ್ರೆ ಮನೆದೇವರು. ನಾನು ಬಟ್ಟೆ ಬಿಚ್ಚೋಕೆ ಹೋದ್ರೆ, "ಏ ಬೂಬಮ್ಮ, ನೀ ಮುಟ್ಟಬ್ಯಾಡ. ನಿನ್ನ ಕೈಯಾಗೆ ಮೆಣಸಿನಕಾಯಿ ಐತೆ" ಅನ್ನೋಳು. "ನಿನ್ನ ನಾಲಿಗೇಲಿ ಇರೋದಕ್ಕಿಂತ ಕಮ್ಮೀನೇ ಬಿಡು" ಅಂತ ನಾನು. ಹಿಂಗೆ ನಮ್ಮಿಬ್ಬರದ್ದು ಜಟಾಪಟಿ. ನಿಂಗಮ್ಮ ಸೆರಗು ಬಾಯಿಗಿಟ್ಕೊಂಡು ನಗೋಳು. ಒಳ್ಳೇ ಹುಡುಗಿ. ನಾನು ಹೋದಾಗೆಲ್ಲ ಒಂದು ಲೋಟ ಬಿಸಿ ಹಾಲು ತಂದು ಕೈಗಿಡೋಳು.

ಆಮೇಲೆ ಬಂತು ನೋಡ್ರೀ ಎಮರ್ಜೆನ್ಸಿ. ಊರೂರಿಗೂ ಸಂತಾನಹರಣ ಆಪರೇಷನ್ ಕ್ಯಾಂಪು. ಆಸ್ಪತ್ರೆಯೋರಿಗೆ ಇಷ್ಟು ಕೇಸು ತರ್ಲೇಬೇಕು ಅಂತ ಹುಕುಂ. ಕೇಸು! ಮನುಷ್ಯರನ್ನ ಕೇಸು ಅಂತ ಕರೆಯೋಕೆ ಆವಾಗಲೇ ಕಲಿತಿದ್ದು. ಕ್ಯಾಂಪಿಗೆ ಅಂತಾನೇ ಒಂದು ಜೀಪು ಇತ್ತು. ಸಂತೆಗೆ ಹೋದ ಗಂಡಸು ಆ ಜೀಪಿನ ಧೂಳು ಕಂಡ್ರೆ ಮೂಟೆ ಬಿಟ್ಟು ಓಡೋನು. ಕುರಿ ಹಟ್ಟಿಯೋರಿಗಂತೂ ಹೆದರಿಕೆ ಇನ್ನೂ ಜಾಸ್ತಿ. ಟಗರಿನ ಬೀಜ ಒಡೆಯೋದು ಅವರ ಕೈಯ ಕೆಲಸವೇ ಅಲ್ವಾ? ಒಡೆಸ್ಕೊಂಡ ಟಗರು ಹೆಂಗೆ ಒದ್ದಾಡುತ್ತೆ, ಕೆಲವು ಹೆಂಗೆ ಬಾತು ಸಾಯ್ತಾವೆ, ಎಲ್ಲ ಕಣ್ಣಾರೆ ಕಂಡೋರು. ಅದನ್ನೇ ಮನುಷ್ಯರಿಗೆ ಮಾಡ್ತಾರೆ, ಹೆಂಗಸರಿಗಾದ್ರೆ ಹೊಟ್ಟೆ ಕೊಯ್ದು ಮಾಡ್ತಾರೆ ಅಂದ್ರೆ ಯಾರಿಗೆ ಜೀವ ನಡುಗಲ್ಲ?

ನಮ್ಮ ಸಿಸ್ಟರು ಯಾರನ್ನೂ ಬಲವಂತ ಮಾಡ್ಲಿಲ್ಲ. ಬೇಕು ಅಂದ ಹೆಂಗಸರಿಗೆ ತಾವೇ ಜೊತೆಗೆ ಹೋಗಿ ಮಾಡಿಸ್ಕೊಂಡು ಬಂದ್ರು. ಬ್ಯಾಡ ಅಂದೋರ ಮುಂದೆ ಆ ಮಾತೇ ಎತ್ತಲಿಲ್ಲ. ಅದಕ್ಕೆ ಮೇಲಿನೋರು ಅವರನ್ನ ಮೀಟಿಂಗಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈದ್ರು. ಬೈಸ್ಕೊಂಡು ಬಂದು ನನ್ನ ಮುಂದೆ ಅತ್ರು ಕೂಡ. ಹಳ್ಳಿಯೋರಿಗೆ ಇದೆಲ್ಲ ಎಲ್ಲಿ ಗೊತ್ತು? ಬಿಳೀ ಸೀರೆ ಕಂಡ ಕೂಡಲೇ ಮಕ್ಕಳನ್ನ ಎಳ್ಕೊಂಡು ಒಳಗೆ ಹೋಗಿ ಅಗುಳಿ ಹಾಕೋರು. ಜ್ವರದ ಮಾತ್ರೆ ಕೊಟ್ರೂ ಮೂಸಿ ನೋಡಿ ಹಿತ್ತಲಿಗೆ ಎಸೆಯೋರು. ಕೈ ಅದೇ, ಔಷಧಿ ಅದೇ, ಆದ್ರೆ ಈ ಕೈ ಯಾತಕ್ಕೆ ಬಂದಿದೆಯೋ ಅಂತ ಒಂದು ಅನುಮಾನ ಹುಟ್ಟಿದ್ದೇ ತಡ, ಯಾವ ಔಷಧೀನೂ ಹತ್ತಲಿಲ್ಲ.

ದ್ಯಾಮಮ್ಮ ಒಬ್ಬಳೇ ಬಾಗಿಲು ಹಾಕಲಿಲ್ಲ. "ನರ್ಸಮ್ಮ ಕಾಲ್ನಡಿಗೇಲಿ ಬರ್ತಾರೆ, ನಮ್ಮೋರು. ಆ ಜೀಪಿನೋರನ್ನ ಮಾತ್ರ ನಾ ನಂಬಾಕಿಲ್ಲ" ಅನ್ನೋಳು.

ಸುಗ್ಗಿ ಮುಗಿದು ಚಳಿ ಹಿಡಿದಿದ್ದ ಕಾಲ. ನಿಂಗಮ್ಮ ಮೂರನೇದು ಹೆತ್ತಳು. ಗಂಡು. ಮನೇಲೇ ಹೆರಿಗೆ ಆಯ್ತು. ಬೆನ್ನಿಗೇ ಜ್ವರ ಬಂತು. ಬಾಣಂತಿ ಸನ್ನಿ ಅಂತಾರಲ್ಲ, ಅದು. ಪುಟ್ಟಪ್ಪ ಬೆಳಗಾಗೋ ಹೊತ್ತಿಗೆ ಗುಡ್ಡ ಇಳಿದು ಓಡಿ ಬಂದ. ನಾವು ಹೋಗಿ ನೋಡಿದ್ರೆ ನಿಂಗಮ್ಮನ ಮೈ ಕಾದ ಹಂಚು. ಮಾತು ತೊದಲ್ತಿತ್ತು. ಸಿಸ್ಟರು ಹೊಟ್ಟೆ ಮುಟ್ಟಿ ನೋಡಿ, ಮೈಲಿಗೆ ಬಟ್ಟೆ ನೋಡಿ, ಮುಖ ಸಣ್ಣ ಮಾಡ್ಕೊಂಡ್ರು. ಪೆನ್ಸಿಲಿನ್ ಸೂಜಿ ಕೊಟ್ಟು ನನ್ನನ್ನ ಹೊರಗೆ ಕರೆದು, "ಒಳಗೆ ನಂಜಾಗಿದೆ ಬೀಬಿ. ನನ್ನ ಹತ್ರ ಇರೋದು ಇದಕ್ಕೆ ಸಾಲಲ್ಲ. ಶಿಕಾರಿಪುರದ ಆಸ್ಪತ್ರೆಗೆ ಇವತ್ತೇ ಹೋಗ್ಬೇಕು. ನಾಳೆ ಅಂದ್ರೆ ಇಲ್ಲ" ಅಂದ್ರು.

ದ್ಯಾಮಮ್ಮ ತಕರಾರು ಮಾಡ್ಲಿಲ್ಲ. "ನೀವು ಕರ್ಕೊಂಡು ಹೋದ್ರೆ ಸಾವಿನ ಬಾಯಿಗಾದ್ರೂ ಕಳಿಸ್ತೀನಿ. ಹೆಂಗಾದ್ರೂ ಮಾಡಿ ನನ್ನ ಸೊಸೇನ ಉಳಿಸ್ರಿ" ಅಂದಳು. ಸಿಸ್ಟರು, "ಮಲಗಿಸಿ, ಬೆಚ್ಚಗೆ ಇಟ್ಟಿರಿ, ನಾನು ಹೋಗಿ ವ್ಯವಸ್ಥೆ ಮಾಡ್ಕೊಂಡು ಬರ್ತೀನಿ" ಅಂದ್ರು. ಅಷ್ಟೇ ಅಂದಿದ್ದು. ಏನು ವ್ಯವಸ್ಥೆ ಅಂತ ಅವರಿಗೇ ಗೊತ್ತಿರಲಿಲ್ಲ.

ಬಸ್ಸು ಹಿಡಿದು ಸೊರಬಕ್ಕೆ ಹೋದ್ವಿ. ಬಾಡಿಗೆ ಕಾರು ಇದ್ದಿದ್ದು ಒಂದೇ, ಅದು ಯಾರದೋ ದಿಬ್ಬಣಕ್ಕೆ ಹೋಗಿತ್ತು. ಇನ್ನು ಉಳಿದಿದ್ದು ಕ್ಯಾಂಪಿನ ಜೀಪು. "ಬ್ಯಾಡ್ರೀ ಸಿಸ್ಟರ್, ಆ ಹಾಳು ಜೀಪು ಬ್ಯಾಡ" ಅಂದೆ. "ಬೇರೆ ಏನಿದೆ ತೋರಿಸು" ಅಂದ್ರು. ನಾನೇನು ತೋರಿಸ್ಲಿ?

ಕ್ಯಾಂಪಿನ ಸಾಹೇಬ ಒಂದು ಸ್ಕೂಲಿನ ಜಗುಲಿ ಮೇಲೆ ಕುರ್ಚಿ ಹಾಕ್ಕೊಂಡು ಕೂತಿದ್ದ. ಹೊರಗಿನೋನು, ಹೆಸರು ಈಗ ಬ್ಯಾಡ. ಕೈಯಲ್ಲಿ ಕಾಫಿ. ಬಾಣಂತಿ ಸಾಯ್ತಿದಾಳೆ ಅಂದ್ರೆ, ಕೇಳಿದ ಮೊದಲ ಮಾತು ಏನು ಗೊತ್ತಾ? "ಎಷ್ಟು ಮಕ್ಕಳು?"

"ಮೂರು ಸಾರ್."

"ಜೀಪಿರೋದು ಕೇಸಿಗೆ. ಕಾಯಿಲೆಯವರನ್ನ ಸಾಗಿಸೋಕೆ ಅಲ್ಲ. ಅವಳಿಗೆ ಆಪರೇಷನ್ ಮಾಡಿಸ್ತೀನಿ ಅಂತ ಒಪ್ಕೊಂಡ್ರೆ ತಗೊಂಡು ಹೋಗು."

ನನ್ನ ನಾಲಿಗೆ ತುದೀಗೆ ಏನೇನು ಬಂತೋ, ಹೇಳಿದ್ರೆ ನೀವು ಕಿವಿ ಮುಚ್ಕೋತೀರಿ. ಸಿಸ್ಟರು ನನ್ನ ಕೈ ಅದುಮಿ ಹಿಡ್ಕೊಂಡ್ರು. "ಆಯ್ತು ಸಾರ್. ಮೊದಲು ಗುಣ ಆಗಲಿ, ಆಮೇಲೆ ಮಾಡಿಸ್ತೀನಿ" ಅಂದ್ರು. ಅವನು ಡ್ರೈವರ್ ಜಯಪ್ಪನನ್ನ ಕೂಗಿದ.

ಜೀಪು ಹೊರಟ ಮೇಲೆ ನಾನು ಶುರು ಮಾಡಿದೆ. "ಯಾಕ್ರೀ ಹಂಗಂದ್ರಿ? ನಿಂಗಮ್ಮನ್ನ ಕೇಳಿದ್ರಾ? ದ್ಯಾಮಮ್ಮನ್ನ ಕೇಳಿದ್ರಾ?"

"ಅವನಿಗೆ ಬಾಯಲ್ಲಿ ಹೇಳಿದ್ದು ಅದು. ನನ್ನ ಮನಸ್ಸಲ್ಲಿ ಇರೋದು ಅವಳ ಜೀವ ಒಂದೇ. ಉಳಿದ ಮೇಲೆ ಅವಳು ಬ್ಯಾಡ ಅಂದ್ರೆ ಬ್ಯಾಡ. ಬೈಸ್ಕೊಳ್ಳೋಳು ನಾನು ತಾನೇ?" ಅಂದ್ರು. ಸ್ವಲ್ಪ ದೂರ ಹೋದ ಮೇಲೆ ತಾವೇ ಕೇಳಿದ್ರು. "ನಿಮ್ಮಲ್ಲಿ ಏನಂತಾರೆ ಬೀಬಿ? ಬಾಯಿ ಒಂದು ಹೇಳಿ ಮನಸ್ಸು ಇನ್ನೊಂದು ಹೇಳಿದ್ರೆ ಯಾವುದು ಲೆಕ್ಕ?"

"ಮನಸ್ಸೇ ಕಣ್ರೀ" ಅಂದೆ. ನನ್ನ ಮಟ್ಟಿಗೆ ಅದು ನಿಜ. ಇವತ್ತಿಗೂ ನಿಜ. ಆದ್ರೆ ಮನಸ್ಸಿನ ಲೆಕ್ಕ ನೋಡೋನು ಮೇಲೆ ಇದಾನೆ. ಕೆಳಗಿರೋ ಜನಕ್ಕೆ ಕಾಣೋದು ಜೀಪು ತಾನೇ?

ಹಟ್ಟಿಗೆ ಬಂದು ನೋಡಿದ್ರೆ ಒಂದು ನರಪಿಳ್ಳೆ ಇಲ್ಲ! ಒಲೇಲಿ ಕೆಂಡ ಇನ್ನೂ ಇತ್ತು, ಹಂಚಿನ ಮೇಲೆ ರೊಟ್ಟಿ ಸೀದು ಕರಿ ಆಗಿತ್ತು. ನಿಂಗಮ್ಮ ಮಲಗಿದ್ದ ಜಾಗ ಖಾಲಿ, ಕಂಬಳಿ ಸಮೇತ. ಗುಡ್ಡದ ಮೇಲೆ ಕುರಿ ಬಿಟ್ಟಿದ್ದೋರು ಜೀಪಿನ ಧೂಳು ಕಂಡು ಕೂಗು ಹಾಕಿದ್ರಂತೆ. ಇಡೀ ಹಟ್ಟಿ, ನಿಂಗಮ್ಮನ ಎರಡು ಹೆಣ್ಣು ಮಕ್ಕಳನ್ನೂ ಎಳ್ಕೊಂಡು, ಗುಡ್ಡ ಹತ್ತಿ ಅಡಗಿತ್ತು; ದ್ಯಾಮಮ್ಮ, ಪುಟ್ಟಪ್ಪ ಬಾಣಂತೀನ ಎತ್ಕೊಂಡು ಬೇರೆ ಕಡೆ ಓಡಿದ್ರು. "ಯಾ ಅಲ್ಲಾ, ಎಂಥಾ ಜನ ಇವರು!" ಅಂತ ನಾನು ತಲೆ ಚಚ್ಕೊಂಡೆ. ಸಿಸ್ಟರು ಔಷಧಿ ಪೆಟ್ಟಿಗೆ ಎತ್ಕೊಂಡು, ಮಂದೆ ಇರೋ ಜಾಗಕ್ಕೇ ಹೋಗಿರ್ತಾರೆ ಅಂತ ಕೆರೆ ಕಡೆ ಓಡಿದ್ರು.

ಕೆರೆ ಆಚೆ ಕೊಯ್ಲಾದ ಗದ್ದೇಲಿ ಕುರಿ ಮಂದೆ ಬಿಟ್ಟಿದ್ರು, ಗೊಬ್ಬರಕ್ಕೆ ಅಂತ. ಸುತ್ತ ಬಿದಿರಿನ ತಟ್ಟಿ ಕಟ್ಟಿ, ಒಳಗೆ ಕುರಿ. ಆ ಕುರಿಗಳ ನಡುವೆ, ಹಿಕ್ಕೆ ಬಿದ್ದ ಹಸಿ ನೆಲದ ಮೇಲೆ, ನಿಂಗಮ್ಮನ್ನ ಮಲಗಿಸಿದ್ರು. ಮೇಲೆ ಎರಡು ಕಂಬಳಿ. ಪಕ್ಕದಲ್ಲಿ ದ್ಯಾಮಮ್ಮ, ಮಡಿಲಲ್ಲಿ ಹಸುಗೂಸು. ತಟ್ಟಿಗೆ ಅಡ್ಡವಾಗಿ ಪುಟ್ಟಪ್ಪ, ಕೈಯಲ್ಲಿ ಕುರಿ ಕಾಯೋ ಕೋಲು.

"ಅಲ್ಲೇ ನಿಂತ್ಕ ನರ್ಸಮ್ಮ!" ಅಂತ ದ್ಯಾಮಮ್ಮ ಕೂಗಿದಳು. ನೀವು ಅನ್ನೋ ಮಾತು ಹೋಗಿತ್ತು. "ಜೀಪು ಯಾಕೆ ತಂದೆ?"

"ಆಸ್ಪತ್ರೆಗೆ ದ್ಯಾಮಮ್ಮ. ಬೇರೆ ಗಾಡಿ ಸಿಗಲಿಲ್ಲ. ಬೇಗ ಎತ್ತಿ, ಹೊತ್ತಾಗ್ತಿದೆ."

"ಕೊಯ್ಸಾಕೆ ಅಲ್ಲ?" ಮುದುಕಿ ನನ್ನ ಕಡೆ ತಿರುಗಿದಳು. "ಏ ಬೂಬಮ್ಮ, ನೀ ಹೇಳು. ನಿನ್ನ ಅಲ್ಲಾನ ಮ್ಯಾಲೆ ಆಣೆ ಮಾಡಿ ಹೇಳು. ಅಲ್ಲಿ ಆಪರೇಷನ್ ಮಾತು ಬಂತೋ ಇಲ್ಲೋ?"

ಹೇಳ್ತೀನಿ ಕೇಳ್ರೀ, ಸುಳ್ಳು ಹೇಳೋಕೆ ನಾನು ತಯಾರಿದ್ದೆ. ಒಂದು ಜೀವಕ್ಕೋಸ್ಕರ ಸುಳ್ಳಾಣೆ ಮಾಡಿದ್ರೆ ದೇವರು ನನ್ನನ್ನೇನು ಮಾಡ್ತಿದ್ದ? ಬಾಯಿ ತೆರೆದೆ. ಅಷ್ಟರಲ್ಲಿ ಸಿಸ್ಟರು, "ಬಂತು" ಅಂದ್ಬಿಟ್ರು. "ಒಪ್ಕೊಂಡ್ರೆ ಮಾತ್ರ ಜೀಪು ಕೊಡ್ತೀನಿ ಅಂದ್ರು. ನಾನು ಹೂಂ ಅಂದೆ. ಜೀಪಿಗೋಸ್ಕರ ಅಂದಿದ್ದು. ನಿನ್ನ ಸೊಸೆ ಮೈಗೆ ನಾನು ಕತ್ತಿ ಮುಟ್ಟಿಸಲ್ಲ."

ಅಯ್ಯೋ, ಆ ಹೂಂ ಅನ್ನೋದು ಮಾತ್ರ ಅವರ ಕಿವಿಗೆ ಬಿತ್ತು. ಮಿಕ್ಕಿದ್ದು ಗಾಳಿಗೆ ಹೋಯ್ತು. ಪುಟ್ಟಪ್ಪ ಕೋಲು ಎತ್ತಿದ. "ನಿಮ್ಮನ್ನ ತಾಯಿ ಅಂತ ತಿಳ್ಕಂಡಿದ್ವಲ್ರೀ" ಅಂತ ಅತ್ತೇಬಿಟ್ಟ.

ಹಿಂದೆ ಬಂದಿದ್ದ ಜಯಪ್ಪ, "ಸಿಸ್ಟರ್, ನಾನೊಂದು ಕಡೆ ಹಿಡೀತೀನಿ, ಎತ್ತಿ ಹಾಕ್ಕೊಂಡು ಹೋಗೋಣ. ಇವನೊಬ್ಬ ಏನ್ ಮಾಡ್ತಾನೆ?" ಅಂತ ಮೆಲ್ಲಗೆ ಅಂದ. ನಾನೂ ಅದನ್ನೇ ಅಂದೆ. ಬೇಡಿಕೊಂಡೆ. ಸಿಸ್ಟರು ತಟ್ಟಿ ಹತ್ರ ಹೋಗಿ ನಿಂಗಮ್ಮನ ಕಡೆ ನೋಡಿದ್ರು. ಆ ಹುಡುಗಿಗೆ ಎಚ್ಚರ ಇತ್ತು. ನಮ್ಮ ಹಿಂದೆ ಖಾಕಿ ಅಂಗಿಯ ಜಯಪ್ಪನನ್ನ ಕಂಡು ಕಣ್ಣು ಇಷ್ಟಗಲ ಆಯ್ತು. ಏಳೋಕೆ ಆಗದ ಮೈಯಲ್ಲಿ ಹಿಂದಕ್ಕೆ ತೆವಳಿ, ಕುರಿಗಳ ಕಾಲ ಸಂದೀಲಿ ಸೇರ್ಕೊಳ್ಳೋಕೆ ನೋಡಿದಳು. "ನನ್ನ ಕೊಯ್ಬ್ಯಾಡ್ರಿ ನರ್ಸಮ್ಮ, ನಿಮ್ಮ ದಮ್ಮಯ್ಯ ಕೊಯ್ಬ್ಯಾಡ್ರಿ" ಅಂದಳು. ನನಗೆ ಹಾಲು ತಂದು ಕೊಡ್ತಿದ್ದ ಹುಡುಗಿ ಕಣ್ರೀ.

"ಆ ಜೀಪು ಇಲ್ಲಿಂದ ಹೋಗ್ಲಿ. ಹೋದ್ರೆ ನಿನ್ನ ನಂಬ್ತೀನಿ, ಒಳಗೆ ಬಿಡ್ತೀನಿ. ಇಲ್ಲಾಂದ್ರೆ ನಮ್ಮ ಹೆಣ ದಾಟ್ಕಂಡು ಬಾ" ಅಂದಳು ದ್ಯಾಮಮ್ಮ.

ಜೀಪು ಇದ್ರೆ ಅವಳನ್ನ ಮುಟ್ಟೋಕೆ ಬಿಡಲ್ಲ. ಜೀಪು ಹೋದ್ರೆ ಮುಟ್ಬಹುದು, ಆದ್ರೆ ಆಸ್ಪತ್ರೆ ಸೇರಿಸೋಕೆ ಆಗಲ್ಲ. ಎರಡೂ ಸಿಸ್ಟರಿಗೆ ಗೊತ್ತಿತ್ತು. ಕಡೆಗೆ, "ಹೋಗು ಜಯಪ್ಪ" ಅಂದ್ರು.

"ಸಿಸ್ಟರ್, ಹುಚ್ಚಾ ನಿಮಗೆ?" ಅಂತ ನಾನು ಅರಚಿದೆ. "ನಾನು ಬಿಡಲ್ಲ. ಎತ್ತಿ ಹಾಕ್ರೀ ಅವಳನ್ನ!"

"ಹೆದರಿಸಿ ಎತ್ಕೊಂಡು ಹೋದ್ರೆ ಆ ಕ್ಯಾಂಪಿನೋರಿಗೂ ನನಗೂ ಏನು ವ್ಯತ್ಯಾಸ ಬೀಬಿ? ಈ ಹೆದರಿಕೇಲೇ ಅವಳು ದಾರೀಲಿ ಜೀವ ಬಿಡ್ತಾಳೆ" ಅಂದ್ರು. ಸರಿ ಇರಬಹುದು. ನನಗೆ ಇವತ್ತಿಗೂ ಅದು ಸರಿ ಅನ್ಸಿಲ್ಲ. ಅವರ ಜೊತೆ ಮನಸ್ಸಲ್ಲೇ ಎಷ್ಟು ಸಲ ಜಗಳ ಆಡಿದೀನೋ.

ಜೀಪು ಕೆರೆ ಏರಿ ದಾಟಿ ಹೋಯ್ತು. ಸದ್ದು ಪೂರ್ತಿ ಅಡಗೋವರೆಗೂ ದ್ಯಾಮಮ್ಮ ಕಿವಿ ಕೊಟ್ಟು ಕೇಳಿದಳು. ಆಮೇಲೆ ಮಗನಿಗೆ ಸನ್ನೆ ಮಾಡಿದಳು. ಪುಟ್ಟಪ್ಪ ತಟ್ಟಿ ಸರಿಸಿದ.

ಆಮೇಲೆ ಸಿಸ್ಟರು ಮಾಡಿದ ಆರೈಕೆ ಇದೆಯಲ್ಲ, ಹೆತ್ತ ತಾಯೀನೂ ಮಾಡಲ್ಲ. ಕುರಿಗಳನ್ನ ಆಚೆ ಅಟ್ಟಿ, ಒಣ ಹುಲ್ಲು ಹಾಸಿ, ಅವಳನ್ನ ಅದರ ಮೇಲೆ ಮಲಗಿಸಿದ್ರು. ನಾನು ಬೆಂಕಿ ಹಾಕಿ ನೀರು ಕಾಯಿಸಿ, ಸೂಜಿ ಕುದಿಸಿ ಕೊಟ್ಟೆ. ಮೈ ಒರೆಸಿದ್ರು, ಬಟ್ಟೆ ಬದಲಿಸಿದ್ರು, ಸೂಜಿ ಕೊಟ್ರು, ಚಮಚದಲ್ಲಿ ಬಿಸಿನೀರು ಹನಿ ಹನಿಯಾಗಿ ಬಾಯಿಗೆ ಬಿಟ್ರು. ಪಾದ ತಣ್ಣಗಿತ್ತು ಅಂತ ತಮ್ಮ ಮಡಿಲಲ್ಲಿ ಇಟ್ಕೊಂಡು ಉಜ್ಜಿದ್ರು. ನಿಂಗಮ್ಮನ ಕಣ್ಣಲ್ಲಿದ್ದ ಆ ಹೆದರಿಕೆ ಮೆಲ್ಲಗೆ ಇಳೀತು. ಸಿಸ್ಟರ ಬೆರಳು ಹಿಡ್ಕೊಂಡು ನಿದ್ದೆ ಮಾಡಿದಳು. ಉಸಿರಾಟ ಸ್ವಲ್ಪ ನಿಧಾನ ಆಯ್ತು. ನನಗೂ ಆಸೆ ಬಂತು. ದ್ಯಾಮಮ್ಮ ಅದನ್ನೇ ನೋಡ್ತಾ ಕೂತಿದ್ದೋಳು ಹತ್ರ ಬಂದು, "ತಪ್ಪಾತು ನರ್ಸಮ್ಮ" ಅಂದಳು. ಸಿಸ್ಟರು, "ತಪ್ಪು ಒಪ್ಪು ಆಮೇಲೆ. ಎತ್ತಿನ ಗಾಡಿ ತರಿಸು. ಸೊರಬಕ್ಕಾದ್ರೂ ಮುಟ್ಟಿಸೋಣ, ಅಲ್ಲಿಂದ ಮುಂದೆ ನೋಡೋಣ" ಅಂದ್ರು.

ಹಟ್ಟೀಲಿ ಗಾಡಿ ಇರಲಿಲ್ಲ. ಪುಟ್ಟಪ್ಪ ಹೊಸಬಾಳೆಗೆ ಓಡಿ, ಯಾರನ್ನೋ ಕಾಡಿ ಬೇಡಿ, ಗಾಡಿ ಹೊಡ್ಕೊಂಡು ಬರೋ ಹೊತ್ತಿಗೆ ಬಿಸಿಲು ಇಳಿದಿತ್ತು. ಹುಲ್ಲು ಹಾಸಿ ಮಲಗಿಸಿದ್ವಿ. ತಲೆ ಸಿಸ್ಟರ ತೊಡೆ ಮೇಲೆ. ನಾನು ಕೂಸು ಎತ್ಕೊಂಡೆ. ದ್ಯಾಮಮ್ಮ ಕಾಲ ಹತ್ರ ಕೂತಳು. ಗಾಡಿ ದಾರಿ ನಿಮಗೆ ಗೊತ್ತಲ್ಲ, ಒಂದೊಂದು ಗುಂಡಿಗೂ ಜೀವ ಬಾಯಿಗೆ ಬರುತ್ತೆ. ಪುಟ್ಟಪ್ಪ ಎತ್ತುಗಳ ಪಕ್ಕದಲ್ಲೇ ನಡೀತಾ, "ಮೆಲ್ಲಕೆ, ಮೆಲ್ಲಕೆ" ಅಂತ ಅವುಗಳಿಗೆ ಹೇಳ್ತಿದ್ದ.

ಹೊಸಬಾಳೆ ಇನ್ನೂ ಬಂದಿರಲಿಲ್ಲ. ನಿಂಗಮ್ಮನ ಮೈ ಒಮ್ಮೆ ಜೋರಾಗಿ ನಡುಗ್ತು. ಕೈ ಕಾಲು ಎಳೆದ ಹಾಗೆ ಆಯ್ತು. ಕಣ್ಣು ಮೇಲೆ ಸಿಕ್ಕೊಂಡ್ವು. ಸಿಸ್ಟರು ಇನ್ನೊಂದು ಸೂಜಿ ಕೊಟ್ರು, ಎದೆ ತಿಕ್ಕಿದ್ರು, "ನಿಂಗಮ್ಮ, ಇಲ್ಲಿದೀನಿ, ಇಲ್ಲಿ ನೋಡು ತಾಯಿ" ಅಂತ ಕರೆದ್ರು.

ದ್ಯಾಮಮ್ಮನಿಗೆ ಏನೋ ಗೊತ್ತಾಗೋಯ್ತು. ಗಾಡಿ ನಿಲ್ಲೋ ಮೊದಲೇ ಕೆಳಗೆ ಹಾರಿ, ರಸ್ತೆ ನಡುವೆ ನಿಂತ್ಕೊಂಡಳು. "ನರ್ಸಮ್ಮ, ಆ ಜೀಪು ಕರೆಸ್ರಿ! ಈಗಲೇ ಕರೆಸ್ರಿ! ಬೇಕಾದ್ರೆ ಆಪರೇಷನ್ ಮಾಡಿಸ್ರಿ, ನಾನು ಹೆಬ್ಬೆಟ್ಟು ಒತ್ತಿ ಕೊಡ್ತೀನಿ. ನನ್ನೇ ಬೇಕಾದ್ರೂ ಕೊಯ್ರಿ. ಅವಳು ಉಳಿದ್ರೆ ಸಾಕು. ಜೀಪು ಕರೆಸ್ರವ್ವಾ!" ಅಂತ ಎರಡೂ ಕೈ ಮೇಲೆತ್ತಿ ಕೂಗಿದಳು. ರಸ್ತೆ ಮೇಲೆ ಒಂದು ಸೈಕಲ್ಲೂ ಇರಲಿಲ್ಲ.

ಸಿಸ್ಟರು ನಿಂಗಮ್ಮನ ಕೈ ಹಿಡ್ಕೊಂಡೇ ಇದ್ರು. ನಾಡಿ ನಿಂತು ಆಗಲೇ ಸ್ವಲ್ಪ ಹೊತ್ತಾಗಿತ್ತು, ನನಗೆ ಅವರ ಮುಖ ನೋಡಿದ್ರೇ ತಿಳೀತು. ಮುದುಕಿ ಇನ್ನೂ ಕೂಗ್ತಾನೇ ಇದ್ದಳು. ಅವಳಿಗೆ ಹೇಳೋಕೆ ಸಿಸ್ಟರ ಕೈಲಿ ಆಗಲಿಲ್ಲ. ನಾನು ಕೂಸನ್ನ ಎದೆಗೆ ಒತ್ಕೊಂಡು ಗಾಡಿಯಿಂದ ಇಳಿದೆ, ಹೋಗಿ ದ್ಯಾಮಮ್ಮನ ಕೈ ಎರಡೂ ಕೆಳಗೆ ಇಳಿಸಿದೆ.